ಪಟ್ಟಿಯಲ್ಲಿಲ್ಲದ ಕೈ

ನಮ್ಮೂರಿನಲ್ಲಿ ನಿವೃತ್ತಿಯಾಗುವುದು ಮನುಷ್ಯ ಮಾತ್ರ, ಅವನ ಕೈ ಅಲ್ಲ. ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಕೇಸರಿಬಾತು ತಿಂದು ಮನೆಗೆ ಬಂದವರ ಕೈ ಮಾರನೆಯ ಬೆಳಿಗ್ಗೆ ತನ್ನ ಪಾಡಿಗೆ ತಾನು ಡ್ಯೂಟಿಗೆ ಹಾಜರಾಗುತ್ತದೆ. ಬಸ್ ಕಂಡಕ್ಟರ್ ಹುಲುಗಪ್ಪನ ಕೈ ಟಿಕೆಟ್ ಹರಿಯುತ್ತಿತ್ತು. ಟಿಕೆಟ್ ಸಿಗದಿದ್ದರೆ ದಿನಪತ್ರಿಕೆ, ಅದೂ ಸಿಗದಿದ್ದರೆ ಮೊಮ್ಮಗಳ ಹೋಂವರ್ಕು. ಗಣಿತದ ಮೇಷ್ಟ್ರೊಬ್ಬರ ಕೈ ಎದುರು ಕೂತವರ ಕಿವಿ ಹುಡುಕುತ್ತಿತ್ತು. ಅವರ ಬೀಗರು ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡೇ ಮನೆಗೆ ಬರುತ್ತಿದ್ದರು. ಹೆಣ್ಣು ಕೊಟ್ಟವರಿಗೆ ಇನ್ನೇನು ದಾರಿ?

ಇಂಥ ಕೈಗಳನ್ನು ದಾರಿಗೆ ತರುವುದು ನನ್ನ ಕೆಲಸ. ಸರ್ಕಾರದ ಕಾಗದದಲ್ಲಿ ನಾನು ಔದ್ಯೋಗಿಕ ಚಿಕಿತ್ಸಕಿ ದಾಕ್ಷಾಯಿಣಿ, ಊರಿನವರ ಬಾಯಲ್ಲಿ ಕೈಯಮ್ಮ. ವಿದ್ಯೆ ದೊಡ್ಡದೇನಲ್ಲ. ಕೈಯ ಪಕ್ಕದಲ್ಲಿ ತಾಳ್ಮೆಯಿಂದ ಕೂತು ಅದು ಏನು ಮಾಡುತ್ತಿದೆ ಎಂದು ನೋಡಬೇಕು. ಅದೇ ಚಲನೆ ಬೇಡುವ ಇನ್ನೊಂದು ಕೆಲಸ ಹುಡುಕಿ ಕೊಡಬೇಕು. ದಿನಕ್ಕೊಂದು ಗಂಟೆ ಆ ಕೆಲಸ ಸಿಕ್ಕಿತೆಂದರೆ ಉಳಿದ ಹೊತ್ತು ಕೈ ಹೇಳಿದ ಮಾತು ಕೇಳಿಕೊಂಡು ತೆಪ್ಪಗಿರುತ್ತದೆ. ಹುಲುಗಪ್ಪನಿಗೆ ನುಗ್ಗೆಸೊಪ್ಪು ಬಿಡಿಸಲು ಕೊಟ್ಟೆ. ಈಗ ಇಡೀ ಬೀದಿಯ ಸೊಪ್ಪು ಬೆಳಿಗ್ಗೆ ಅವನ ಜಗಲಿಗೆ ಬಂದು ಬೀಳುತ್ತದೆ. ಮೇಷ್ಟ್ರಿಗೆ ಹತ್ತಿ ಕೊಟ್ಟೆ. ಕಿವಿ ಹಿಂಡುತ್ತಿದ್ದ ಬೆರಳುಗಳು ಹೂಬತ್ತಿ ಹೊಸೆಯತೊಡಗಿದವು, ಬೀಗರು ಮಫ್ಲರ್ ಬಿಚ್ಚಿದರು.

ಆದರೆ ಕಂಡ ಕಂಡ ಕೈಯನ್ನೆಲ್ಲ ಮುಟ್ಟುವ ಹಾಗಿಲ್ಲ. ನಮ್ಮ ಕಸುಬಿಗೊಂದು ಪರವಾನಗಿ ನಿಯಮಾವಳಿ ಉಂಟು. ಯಾವ ಕಾಲದಲ್ಲಿ ಯಾರು ಬರೆದರೋ, ಪರವಾನಗಿ ಬೇಕಾದವರು ಸ್ವಂತ ಲಾಂದ್ರ ಹೊಂದಿರಬೇಕು ಎಂದು ಅದರಲ್ಲಿ ಇತ್ತು. ಪರೀಕ್ಷೆಯ ದಿನ ಕುದುರೆಗಾಡಿಯವನೊಬ್ಬನ ಎದುರು ಕೈಚಳಕ ತೋರಿಸಬೇಕಾಗಿತ್ತು. ಊರಿನಲ್ಲಿ ಕುದುರೆಯೇ ಇಲ್ಲದ ಕಾರಣ ನನ್ನ ಪರೀಕ್ಷೆ ಎರಡು ವರ್ಷ ಮುಂದಕ್ಕೆ ಹೋಗಿತ್ತು. ಎಲ್ಲಕ್ಕಿಂತ ದೊಡ್ಡ ತಲೆನೋವು ಕೊನೆಯ ಪುಟದಲ್ಲಿದ್ದ ಅರವತ್ತನಾಲ್ಕು ಉದ್ಯೋಗಗಳ ಪಟ್ಟಿ. ಪಟ್ಟಿಯಲ್ಲಿರುವ ಉದ್ಯೋಗದವರ ಕೈಯನ್ನು ಮಾತ್ರ ಮುಟ್ಟತಕ್ಕದ್ದು. ತಪ್ಪಿದರೆ ಹತ್ತೊಂಬತ್ತನೇ ನಿಯಮದ ಪ್ರಕಾರ ಪರವಾನಗಿ ರದ್ದು. ಬೀದಿದೀಪ ಹಚ್ಚುವವನು, ಪಂಖಾ ಎಳೆಯುವವನು, ಲಾಳ ಕಟ್ಟುವವನು, ಮೇಷ್ಟ್ರು, ಟಿಕೆಟ್ ಹರಿಯುವವನು ಎಲ್ಲರೂ ಪಟ್ಟಿಯಲ್ಲಿ ಆರಾಮವಾಗಿದ್ದರು. ಲಿಫ್ಟ್ ನಡೆಸುವವನು, ಮಿಕ್ಸಿ ರಿಪೇರಿಯವನು, ಎಕ್ಸ್‌ರೇ ತೆಗೆಯುವವಳು ಇರಲಿಲ್ಲ. ಅಂಥವರು ಪರವಾನಗಿ ಕಚೇರಿಗೆ ಅರ್ಜಿ ಹಾಕಬಹುದಿತ್ತು. ಹಾಕಿದರೆ ಅದು ಗುಮಾಸ್ತ ವರದಯ್ಯನವರ ಮೇಜಿಗೆ ಹೋಗುತ್ತಿತ್ತು.

ವರದಯ್ಯನವರು ಲಂಚ ಮುಟ್ಟಿದವರಲ್ಲ, ಯಾರ ಮೇಲೂ ರೇಗಿದವರಲ್ಲ. ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು. ಆಮೇಲೆ ಪಟ್ಟಿಯನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು. ಅದು ಮುಗಿದ ಮೇಲೆ ಮರದ ಹಿಡಿಯ ಮೊಹರನ್ನು ಮುಷ್ಟಿಯಲ್ಲಿ ಹಿಡಿದು ಇಂಕ್ ಪ್ಯಾಡಿಗೆ ಒಂದು ಠಪ್, ಕಾಗದಕ್ಕೆ ಒಂದು ಠಪ್. ನೇರಳೆ ಬಣ್ಣದಲ್ಲಿ ‘ಪಟ್ಟಿಯಲ್ಲಿಲ್ಲ’ ಎಂದು ಬೀಳುತ್ತಿತ್ತು. ಎರಡನೆಯ ಠಪ್ ಕೇಳಿದ್ದೇ ತಡ, ಜವಾನ ಕೆಂಚಪ್ಪ ತೂಕಡಿಸುತ್ತಿದ್ದವನೂ ಎದ್ದು, ಕಾಗದವನ್ನು ನೋಡದೆಯೇ ಎತ್ತಿಕೊಂಡು ತಿರಸ್ಕೃತ ಅರ್ಜಿಗಳ ಕಪಾಟಿಗೆ ಸೇರಿಸುತ್ತಿದ್ದ. ಮೂವತ್ತೈದು ವರ್ಷ ಅವರಿಬ್ಬರೂ ಹೀಗೆ ಒಂದೇ ಯಂತ್ರದ ಎರಡು ಭಾಗಗಳಂತೆ ದುಡಿದರು.

ಆ ಕಪಾಟಿನಲ್ಲಿ ನನ್ನ ಅಮ್ಮನ ಅರ್ಜಿಗಳೂ ಇದ್ದವು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಳು. ತೂತುಗಳಿದ್ದ ದೊಡ್ಡ ಹಲಗೆಯ ಮುಂದೆ ಕೂತು, ಯಾರು ಯಾರ ಜೊತೆ ಮಾತಾಡಬೇಕೋ ಅವರ ತೂತಿಗೆ ವೈರಿನ ತುದಿ ಚುಚ್ಚುವ ಕೆಲಸ. ಊರಿನ ಅರ್ಧ ಮದುವೆಗಳು ಅವಳ ಬೆರಳಿನ ಕೆಳಗೆ ಕುದುರಿದ್ದವು, ಉಳಿದರ್ಧ ಮುರಿದಿದ್ದವು. ನಿವೃತ್ತಿಯಾದ ಮೇಲೆ ಅವಳ ಕೈ ಕಂಡ ತೂತಿಗೆಲ್ಲ ಏನನ್ನಾದರೂ ಚುಚ್ಚುತ್ತಿತ್ತು. ಬೀಗದ ಕಿಂಡಿಗೆ ಕಡ್ಡಿ, ತೂಗುಹಾಕಿದ ಬನಿಯನ್ನಿನ ತೂತಿಗೆ ಪೆನ್ಸಿಲು, ಮಲಗಿದ್ದ ಅಪ್ಪನ ಮೂಗಿಗೆ ಹುರುಳಿಕಾಯಿ. ಮೊದಮೊದಲು ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬರಬರುತ್ತಾ ಅಮ್ಮ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರತೊಡಗಿದಳು. ಯಾರಾದರೂ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು.

ಅವಳ ಕೈಗೆ ಏನು ಕೊಡಬೇಕೆಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ವೀಳ್ಯದೆಲೆ ಮಡಿಚಿ ಲವಂಗ ಚುಚ್ಚುವುದು. ಅಷ್ಟೇ. ಆದರೆ ಟೆಲಿಫೋನ್ ಆಪರೇಟರು ಪಟ್ಟಿಯಲ್ಲಿರಲಿಲ್ಲ. ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದೆ. ಠಪ್. ಇನ್ನೊಮ್ಮೆ ಹಾಕಿದೆ. ಠಪ್. ಮೂರನೆಯ ಸಲ ನಾನೇ ಮೇಜಿನ ಮುಂದೆ ನಿಂತು ಕಣ್ಣೀರು ಹಾಕಿದೆ. ವರದಯ್ಯನವರು ನನಗೆ ಕುಡಿಯಲು ನೀರು ತರಿಸಿಕೊಟ್ಟು, ಪಟ್ಟಿಯನ್ನು ಇನ್ನೊಮ್ಮೆ ಓದಿ, ಠಪ್ ಎಂದರು. ನಿಯಮ ಮೀರಿ ಒಂದು ಕವಳೆ ವೀಳ್ಯದೆಲೆ ಅಮ್ಮನ ಮುಂದಿಡಬಹುದಿತ್ತು. ಬಾಗಿಲ ಬೋರ್ಡು ಕಿತ್ತುಕೊಂಡು ಹೋದಾರೆಂಬ ಹೆದರಿಕೆಗೆ ನಾನು ಇಡಲಿಲ್ಲ. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಕೊನೆಯ ದಿನವೂ ಅವಳ ಕೈ ಹಾಸಿಗೆಯ ಅಂಚಿನಲ್ಲಿ ತೂತು ತಡಕುತ್ತಿತ್ತು. ಇದಕ್ಕಾಗಿ ನಾನು ವರದಯ್ಯನವರನ್ನು ಎಷ್ಟು ಬೈದುಕೊಂಡಿದ್ದೇನೋ ಅದರ ಎರಡರಷ್ಟು ನನ್ನನ್ನೇ ಬೈದುಕೊಂಡಿದ್ದೇನೆ.

ಹೋದ ವರ್ಷ ವರದಯ್ಯನವರು ನಿವೃತ್ತರಾದರು. ಮಾರನೆಯ ಬೆಳಿಗ್ಗೆ ಅವರ ಬಲಗೈ ಮುಷ್ಟಿ ಕಟ್ಟಿ ಎದ್ದಿತು. ಬಲಕ್ಕೊಂದು ಠಪ್, ಎದುರಿಗೊಂದು ಠಪ್. ಇಡ್ಲಿ ಅಪ್ಪಚ್ಚಿಯಾಯಿತು, ಸಾರಿನ ಬಟ್ಟಲು ಗೋಡೆಗೆ ಹಾರಿತು. ಪೇಪರ್ ಓದಲು ಕೂತರೆ ಮುಖ್ಯ ಸುದ್ದಿಯ ಮೇಲೆ ಠಪ್. ಕೈ ಮೇಲೆ ಕೂತು ನೋಡಿದರು, ಕುರ್ಚಿಯೇ ಕುಣಿಯಿತು. ಕೇಳಿ ನನಗೆ ಸಂತೋಷವಾಯಿತು. ಆಯಿತಪ್ಪ, ಸುಳ್ಳೇಕೆ ಹೇಳಲಿ.

ಆ ಹೊತ್ತಿಗೇ ಸರ್ಕಾರಕ್ಕೆ ಜ್ಞಾನೋದಯವಾಗಿ, ಚಿಕಿತ್ಸಕರ ಪರವಾನಗಿ ನಿಯಮಾವಳಿಯನ್ನು ಪರಿಷ್ಕರಿಸಬೇಕೆಂದು ಆದೇಶ ಬಂತು. ಸುಹಾಸಿನಿ ಎಂಬ ಹೊಸ ಅಧಿಕಾರಿಣಿ ಬಂದರು. ಚುರುಕಾದ ಹೆಂಗಸು, ಲಾಂದ್ರ ತೆಗೆದರು, ಕುದುರೆಗಾಡಿ ತೆಗೆದರು, ಅರವತ್ತನಾಲ್ಕರ ಪಟ್ಟಿಯನ್ನೇ ತೆಗೆದು ಕರಡು ಬರೆದರು. ಆದರೆ ಆದೇಶದಲ್ಲೊಂದು ಕೊಕ್ಕೆ ಇತ್ತು. ಹಳೆಯ ನಿಯಮ ಬಲ್ಲವರು ವರದಯ್ಯನವರೊಬ್ಬರೇ ಆದ್ದರಿಂದ ಕರಡನ್ನು ಅವರ ಮುಂದಿಟ್ಟು ಓದತಕ್ಕದ್ದು. ಅವರಿಂದ ಮೂರು ಸಲ ತಿರಸ್ಕೃತವಾದರೆ ಹಳೆಯ ನಿಯಮವೇ ಇನ್ನು ಹತ್ತು ವರ್ಷ ನಡೆಯತಕ್ಕದ್ದು. ಮೊದಲ ಸಭೆಯಲ್ಲಿ ಊರಿನ ಚಿಕಿತ್ಸಕರೆಲ್ಲ ಸೇರಿದೆವು. ಮೇಡಂ ಕರಡನ್ನು ವರದಯ್ಯನವರ ಮುಂದಿಟ್ಟು ಎರಡು ಸಾಲು ಓದಿರಲಿಲ್ಲ, ಠಪ್ ಠಪ್ ಎಂದಿತು. ಕೆಂಚಪ್ಪ ಎದ್ದ, ಕರಡು ಕಪಾಟು ಸೇರಿತು.

“ಏನ್ರೀ ಮಾಡ್ತಿದೀರಾ? ಅದನ್ನ ವಾಪಸ್ ತನ್ನಿ!” ಎಂದು ಮೇಡಂ ಕೂಗಿದರು.

“ಠಪ್ ಅಂದ್ಮೇಲೆ ಆಯ್ತಲ್ಲ ಮೇಡಂ,” ಎಂದ ಕೆಂಚಪ್ಪ. “ಅಲ್ಲಿಗ್ ಹೋಗಿದ್ದು ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ.”

ವರದಯ್ಯನವರು ನಾಚಿಕೆಯಿಂದ ತಲೆ ತಗ್ಗಿಸಿದರು. “ನನ್ನ ಮನಸ್ಸಲ್ಲಿ ಅದಿರ್ಲಿಲ್ಲಮ್ಮ. ಆದರೆ ಬಿದ್ದಿದ್ದು ಬಿತ್ತು. ಅದು ತಿರಸ್ಕಾರವೇ,” ಎಂದರು. ಎರಡನೆಯ ಸಭೆಗೆ ಅವರ ಕೈಯನ್ನು ಟವೆಲಿನಿಂದ ಕುರ್ಚಿಗೆ ಕಟ್ಟಿದೆವು. ಟವೆಲು ಬಿಚ್ಚಿಕೊಂಡಿತೋ ಕುರ್ಚಿಯ ತೋಳು ಕಿತ್ತು ಬಂತೋ, ಅಂತೂ ಠಪ್ ಎಂದಿತು, ಕೆಂಚಪ್ಪ ಎದ್ದ. ಉಳಿದದ್ದು ಒಂದೇ ಸಭೆ. ವರದಯ್ಯನವರ ಕೈ ಗುಣವಾಗದೆ ಹೊಸ ನಿಯಮ ಬರುವಂತಿಲ್ಲ. ಹೊಸ ನಿಯಮ ಬಾರದೆ ಅವರ ಕೈಯನ್ನು ಮುಟ್ಟುವಂತಿಲ್ಲ. ಏಕೆಂದರೆ ಅರವತ್ತನಾಲ್ಕರ ಪಟ್ಟಿಯಲ್ಲಿ ಮೊಹರು ಒತ್ತುವ ಗುಮಾಸ್ತ ಇರಲಿಲ್ಲ. ಪಟ್ಟಿ ಬರೆದವರಿಗೆ ಊರಿನ ಎಲ್ಲರ ಕೆಲಸವೂ ನೆನಪಾಗಿತ್ತು, ತಮ್ಮದನ್ನು ಬಿಟ್ಟು.

ಗೋಕುಲಾಷ್ಟಮಿಗೆ ಎರಡು ದಿನ ಇರುವಾಗ ವರದಯ್ಯನವರ ಹೆಂಡತಿ ಕಲ್ಯಾಣಮ್ಮ ನನ್ನ ಮನೆಗೆ ಬಂದರು. ಕೂತರು. ರವಿಕೆಯ ತೋಳು ಸರಿಸಿ ತೋರಿಸಿದರು. ಹಾಸಿಗೆಯಲ್ಲಿ ಗಂಡನ ಬಲಗಡೆ ಮಲಗುವವರು. ತೋಳು ಮೊಣಕೈವರೆಗೆ ನೀಲಿಗಟ್ಟಿತ್ತು.

“ಪಕ್ಕಕ್ಕೆ ಹೋಗಿ ಮಲಗಿ ಅಂತಾರೆ ಎಲ್ರೂ. ನಲವತ್ತು ವರ್ಷದಿಂದ ಅಲ್ಲೇ ಮಲಗಿದೀನಮ್ಮ, ಇನ್ನೆಲ್ಲಿಗ್ ಹೋಗ್ಲಿ?” ಎಂದರು. “ಅವರಾಗಿ ನಿಮ್ಮನ್ನ ಕೇಳಲ್ಲ. ನೀವಾದ್ರೂ ಬಂದು ಒಂದ್ಸಲ ನೋಡಿ.”

ಒಂಬತ್ತು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಗೆ ಬಂತು. “ಅವರ ಕೆಲಸ ಪಟ್ಟಿಯಲ್ಲಿಲ್ಲವಲ್ಲ,” ಎಂದೆ.

ಅಂದ ಕ್ಷಣ ಹಿತವಾಯಿತು. ಮರುಕ್ಷಣ ಕಲ್ಯಾಣಮ್ಮನ ಮುಖ ನೋಡಿದೆ. ಅವರು ಕೋಪಿಸಿಕೊಳ್ಳಲಿಲ್ಲ. ತೋಳು ಮುಚ್ಚಿಕೊಂಡು ಎದ್ದರು. “ನಿಮ್ಮ ಬಾಯಲ್ಲೂ ಅದೇ ಬಂತಲ್ಲ ತಾಯಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನನಗೆ ಬೇಕಾಗಿದ್ದದ್ದು ವರದಯ್ಯನವರಿಗೆ ಬುದ್ಧಿ ಕಲಿಸುವುದು. ಆಗಿದ್ದು ನಾನೇ ವರದಯ್ಯನಾಗಿಬಿಟ್ಟದ್ದು.

ಅಷ್ಟಮಿಯ ಬೆಳಿಗ್ಗೆ ಅವರ ಮನೆಗೆ ಹೋದೆ. ಕಲ್ಯಾಣಮ್ಮ ಬಾಗಿಲು ತೆರೆದು ಒಳಗೆ ಕರೆದರು. ವರದಯ್ಯನವರು ನಡುಮನೆಯ ಕಂಬಕ್ಕೊರಗಿ ನೆಲದ ಮೇಲೆ ಕೂತಿದ್ದರು, ಕೈ ಬಲಕ್ಕೂ ಎದುರಿಗೂ ಬಡಿಯುತ್ತಿತ್ತು. ನನ್ನನ್ನು ಕಂಡು ಗಾಬರಿಯಾದರು.

“ಬರಬಾರ್ದಿತ್ತು ನೀವು. ಹತ್ತೊಂಬತ್ತನೇ ನಿಯಮ ಗೊತ್ತಲ್ಲ?”

“ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು ಸ್ವಾಮಿ? ಸುಮ್ನೆ ಕೂತ್ಕೊಳ್ಳಿ,” ಎಂದೆ.

ಕುಟ್ಟಾಣಿ ತಂದಿದ್ದೆ. ಗುದ್ದುವ ಕೈಗೆ ಕುಟ್ಟುವ ಕೆಲಸ ಎಂದು ಯಾರಿಗಾದರೂ ಹೊಳೆಯುತ್ತದೆ. ಶುಂಠಿ ಹಾಕಿ ಕೊಟ್ಟೆ. ಕೈ ನಾಲ್ಕು ಸಲ ಕುಟ್ಟಿ, ಕುಟ್ಟಾಣಿಯನ್ನೇ ಎತ್ತಿ ಬಲಗಡೆಗೆ ಬಡಿದು ಇನ್ನಷ್ಟು ರೇಗಿತು. ತಪ್ಪು ನನ್ನದೇ. ದ್ವೇಷ ಇದ್ದವಳು ನೋಡುವುದಿಲ್ಲ, ಊಹಿಸುತ್ತಾಳೆ. ಆಮೇಲೆ ಅವರ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು, ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕೈಯನ್ನು ಬರೀ ಕೈಯಾಗಿ ನೋಡಿದೆ. ಹೆಬ್ಬೆರಳು ಮೇಲೆ, ಕಿರುಬೆರಳಿನ ಅಂಚು ಕೆಳಗೆ. ಬಲಗಡೆಯ ಏಟು ಮೆತ್ತಗೆ, ಎದುರಿನದು ಜೋರು. ಇದು ಗುದ್ದುವ ಕೈ ಅಲ್ಲ. ಅದ್ದಿ ಒತ್ತುವ ಕೈ. ಅದಕ್ಕೆ ಮೊದಲು ಒದ್ದೆ ಬೇಕು, ಆಮೇಲೆ ನೆಲ ಬೇಕು.

ಹೊಸ್ತಿಲ ಬಳಿ ಕಲ್ಯಾಣಮ್ಮ ಅಷ್ಟಮಿಯ ಪುಟ್ಟ ಪಾದಗಳನ್ನು ಬಿಡಿಸಲು ಅಕ್ಕಿಹಿಟ್ಟು ಕಲಸಿಟ್ಟಿದ್ದರು. ನಮ್ಮ ಕಡೆ ಮುಷ್ಟಿಯ ಅಂಚನ್ನು ಆ ಹಿಟ್ಟಿನಲ್ಲಿ ಅದ್ದಿ ನೆಲಕ್ಕೊತ್ತುತ್ತಾರೆ. ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಕೃಷ್ಣ ಅಂಬೆಗಾಲು ಬಿಟ್ಟು ಈಗ ತಾನೇ ಹೆಜ್ಜೆಯಿಟ್ಟ ಹಾಗೆ ಕಾಣುತ್ತದೆ. ನಾನು ಬಟ್ಟಲನ್ನು ಎಳೆದು ವರದಯ್ಯನವರ ಬಲಕ್ಕೆ ಇಟ್ಟೆ.

ಕೈ ಬಿತ್ತು. ಹಿಟ್ಟಿನಲ್ಲಿ ಮುಳುಗಿತು. ಎದ್ದು ಎದುರಿನ ನೆಲಕ್ಕೆ ಠಪ್ ಎಂದಿತು. ಕೆಂಪು ನೆಲದ ಮೇಲೆ ಬೆರಳಿಲ್ಲದ ಒಂದು ಬಿಳಿ ಪಾದ.

ಕೈ ಇನ್ನೊಮ್ಮೆ ಅದ್ದಿತು, ಒತ್ತಿತು. ಈ ಸಲದ ಠಪ್ ಅಷ್ಟು ಜೋರಾಗಿರಲಿಲ್ಲ. ವರದಯ್ಯನವರು ಬಾಗಿ ಅದನ್ನೇ ನೋಡುತ್ತಾ, “ಕಲ್ಯಾಣಿ, ಇದಕ್ಕೆ ಬೆರಳಿಡೇ,” ಎಂದರು. ಕಲ್ಯಾಣಮ್ಮ ಬಂದು ಕೂತು ಬೆರಳಿಟ್ಟರು. ಮುಷ್ಟಿ ಒಂದೇ ಆದ್ದರಿಂದ ಒಂದೇ ಕಾಲಿನ ಹೆಜ್ಜೆಗಳು ಸಾಲಾಗಿ ಅಡಿಗೆಮನೆಯತ್ತ ಹೊರಟವು.

“ಮಗು ಕುಂಟ್ಕೊಂಡ್ ಬರ್ತಿದೆಯಲ್ರೀ,” ಎಂದು ಕಲ್ಯಾಣಮ್ಮ ನಕ್ಕು, ನೀಲಿಗಟ್ಟಿದ ತೋಳಿನ ತಮ್ಮ ಎಡಗೈಯನ್ನು ಹಿಟ್ಟಿಗದ್ದಿ ಇನ್ನೊಂದು ಕಾಲು ಒತ್ತಿದರು. ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ತೆವಳುತ್ತಾ ಮನೆ ತುಂಬ ಓಡಾಡಿದರು. ಒಂದು ಗಂಟೆ ಕಳೆದ ಮೇಲೆ ವರದಯ್ಯನವರ ಕೈ ತೊಡೆಯ ಮೇಲೆ ಬಂದು ಸುಮ್ಮನೆ ಮಲಗಿತು. ಅದನ್ನು ಅವರು ಎಡಗೈಯಿಂದ ಮೆಲ್ಲಗೆ ಸವರಿದರು. ನಾನು ಹೊರಡುವಾಗ ಬಾಗಿಲ ತನಕ ಬಂದರು.

“ಉಪಕಾರ ದೊಡ್ಡದಾಯ್ತು,” ಎಂದರು. “ಆದರೆ ಪಟ್ಟಿಯಲ್ಲಿಲ್ಲದ ಕೈ ಮುಟ್ಟಿದೀರಿ. ನಾಳೆ ಸಭೇಲಿ ನಾನಿದನ್ನ ಹೇಳ್ಬೇಕಾಗುತ್ತೆ.”

“ಅಯ್ಯೋ, ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ!” ಎಂದು ಒಳಗಿಂದ ಕಲ್ಯಾಣಮ್ಮ ಕೂಗಿದರು.

“ಹೇಳಿ,” ಎಂದೆ ನಾನು. ಸಿಟ್ಟು ಬಂದಿತ್ತು, ಆದರೆ ಭಯ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಮಾಡಬೇಕಾಗಿದ್ದ ತಪ್ಪನ್ನು ಈಗ ಮಾಡಿದ್ದೆ, ಬೇರೆಯವರ ಕೈಗೆ.

ಮಾರನೆಯ ದಿನ ಬೆಳಿಗ್ಗೆ ಕೊನೆಯ ಸಭೆ. ನಾನು ಹೋದಾಗ ಕಚೇರಿಯ ಗೇಟಿನಿಂದ ಮೆಟ್ಟಿಲಿನವರೆಗೆ, ಮೆಟ್ಟಿಲಿನಿಂದ ಸಭೆಯ ಕೋಣೆಯವರೆಗೆ ಪುಟ್ಟ ಬಿಳಿ ಹೆಜ್ಜೆಗಳು. ದಿನದ ಒಂದು ಗಂಟೆಯನ್ನು ದಂಪತಿ ಅಲ್ಲೇ ಮುಗಿಸಿದ್ದರು. ವರದಯ್ಯನವರ ಕುರ್ಚಿಯ ಪಕ್ಕ ಕಲ್ಯಾಣಮ್ಮ ಹಿಟ್ಟಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸುಹಾಸಿನಿ ಮೇಡಂ ಕರಡನ್ನು ಮೇಜಿನ ಮೇಲಿಟ್ಟು, ಓಡುವ ಬಸ್ಸು ಹಿಡಿಯುವವರ ಹಾಗೆ ಗಬಗಬನೆ ಓದತೊಡಗಿದರು. ಪಟ್ಟಿ ಇರತಕ್ಕದ್ದಲ್ಲ. ಚಿಕಿತ್ಸಕರು ಕೈಯನ್ನು ಕಣ್ಣಾರೆ ನೋಡಿ, ಅದು ಬೇಡುವ ಕೆಲಸವನ್ನು ಕೊಡತಕ್ಕದ್ದು. ಪರವಾನಗಿ ಬೇಕಾದವರು ತಾವು ಗುಣಪಡಿಸಿದ ಒಂದು ಕೈಯನ್ನು ತೋರಿಸತಕ್ಕದ್ದು. ಕೆಂಚಪ್ಪ ಕಿವಿ ನಿಮಿರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾವೆಲ್ಲ ಒಂದು ಕೈಯನ್ನೇ ನೋಡುತ್ತಿದ್ದೆವು. ಅದು ಮೇಜಿನ ಮೇಲೆ ಬಿಚ್ಚಿಕೊಂಡು ತಣ್ಣಗೆ ಮಲಗಿತ್ತು. ಕೊನೆಯ ಸಾಲು ಮುಗಿಯಿತು. ಠಪ್ ಎನ್ನಲಿಲ್ಲ.

“ಅಂಗೀಕಾರ,” ಎಂದರು ಮೇಡಂ, ತಮಗೇ ನಂಬಿಕೆ ಬರದವರಂತೆ. “ಸಂಜೆ ಐದು ಗಂಟೆಯಿಂದ ಜಾರಿ.”

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ ವರದಯ್ಯನವರು ಎದ್ದು ನಿಂತರು. ನಿನ್ನೆ ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಶುಂಠಿಯನ್ನೂ ಬಿಡಲಿಲ್ಲ. “ಹಳೇ ನಿಯಮ ಸಂಜೆ ತನಕ ಬದುಕಿದೆ. ಅದರ ಪ್ರಕಾರ ಈಯಮ್ಮನ ಪರವಾನಗಿ ರದ್ದು,” ಎಂದರು. ಮೇಡಂ ನನ್ನ ಮುಖ ನೋಡಿದರು. ನಾನು ಚೀಲದಿಂದ ಪರವಾನಗಿ ತೆಗೆದು ಮೇಜಿನ ಮೇಲಿಟ್ಟೆ. ಇಪ್ಪತ್ತೆರಡು ವರ್ಷದ ಕಾಗದ, ಮಡಿಕೆಗಳಲ್ಲಿ ಹರಿದಿತ್ತು.

“ಐದಾದ್ಮೇಲೆ ಹೊಸ ಅರ್ಜಿ ಹಾಕಿ,” ಎಂದರು ವರದಯ್ಯನವರು. “ಗುಣವಾದ ಒಂದು ಕೈ ತೋರ್ಸಿ ಅಂತಾರೆ. ನಾನು ಇಲ್ಲೇ ಕೂತಿರ್ತೀನಿ,” ಎಂದು ತಮ್ಮ ಬಲಗೈಯನ್ನು ಮುಂದಕ್ಕೆ ಚಾಚಿದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕೆವು.

ಅವರು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, “ನಿಮ್ಮ ತಾಯಿಯವರ ಕೈಗೆ ಏನು ಕೊಡ್ಬೇಕು ಅಂತಿದ್ರಿ?” ಎಂದು ಕೇಳಿದರು.

“ಲವಂಗ,” ಎಂದೆ. “ಎಲೆ ಮಡಿಚಿ ಲವಂಗ ಚುಚ್ಚೋದು.”

ಅವರು ಅದನ್ನು ಮನಸ್ಸಿನಲ್ಲೇ ಮಾಡಿ ನೋಡಿದರು. “ಹೊಂದ್ತಿತ್ತು,” ಎಂದರು. “ಚೆನ್ನಾಗಿ ಹೊಂದ್ತಿತ್ತು. ನಾನು ಪಟ್ಟೀನ ಮೂರು ಸಲ ಓದಿದೆ, ಅವರ ಕೈನ ಒಂದ್ಸಲಾನೂ ನೋಡ್ಲಿಲ್ಲ. ತಪ್ಪಾಯ್ತಮ್ಮ.” ಆಮೇಲೆ ಕೆಂಚಪ್ಪನನ್ನು ಕರೆದು, ತಿರಸ್ಕೃತ ಅರ್ಜಿಗಳ ಕಪಾಟಿನಿಂದ ಅಮ್ಮನ ಕೊನೆಯ ಅರ್ಜಿ ತರಲು ಹೇಳಿದರು. ಅಲ್ಲಿಂದ ಏನನ್ನಾದರೂ ವಾಪಸ್ ತಂದು ಅಭ್ಯಾಸವಿಲ್ಲದ ಕೆಂಚಪ್ಪ ಅರ್ಧ ಗಂಟೆ ಹುಡುಕಿ, ಧೂಳು ಹೊಡೆಯುತ್ತಾ ತಂದಿಟ್ಟ. ಅಮ್ಮನ ಸಹಿ, ಕೆಳಗೆ ನೇರಳೆ ಮೊಹರು. ವರದಯ್ಯನವರು ಹೆಂಡತಿಯ ಮಡಿಲಿನ ಬಟ್ಟಲಿಗೆ ಕೈ ನೀಡಿದರು.

“ಸರ್, ಇನ್ನೂ ಐದಾಗಿಲ್ಲ,” ಎಂದರು ಮೇಡಂ. ಗಡಿಯಾರದಲ್ಲಿ ಹನ್ನೆರಡೂ ಕಾಲು.

“ಗೊತ್ತು,” ಎಂದು ವರದಯ್ಯನವರು ಮುಷ್ಟಿಯನ್ನು ಹಿಟ್ಟಿಗದ್ದಿ ಅಮ್ಮನ ಅರ್ಜಿಯ ಮೇಲೆ ಒತ್ತಿದರು. ಠಪ್.

ಕಲ್ಯಾಣಮ್ಮ ಬಾಗಿ ಐದು ಬೆರಳಿಟ್ಟರು. ಅಷ್ಟರಲ್ಲಿ ಸದ್ದು ಕೇಳಿದ ಕೆಂಚಪ್ಪ ರೂಢಿಯಂತೆ ಕಾಗದ ಎತ್ತಿಕೊಂಡು ಹೊರಟಿದ್ದ. ಕಪಾಟಿನ ಹತ್ತಿರ ಹೋಗಿ, ಬಾಗಿಲು ತೆರೆದು, ಕೈಯಲ್ಲಿದ್ದುದನ್ನು ಮೊದಲ ಸಲ ನೋಡಿದ. ಅಲ್ಲೇ ನಿಂತ. ಒಪ್ಪಿದ ಅರ್ಜಿ ಇಡಲು ಆ ಕಚೇರಿಯಲ್ಲಿ ಕಪಾಟು ಇರಲಿಲ್ಲ. ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ತಿರುಗಿ ಬಂದು ಅದನ್ನು ನನ್ನ ಮಡಿಲಲ್ಲಿ ಇಟ್ಟ. ಹಿಟ್ಟು ಇನ್ನೂ ಹಸಿಯಾಗಿತ್ತು, ಸೀರೆಗೆಲ್ಲ ಅಂಟಿತು, ನಾನು ಒರೆಸಿಕೊಳ್ಳಲಿಲ್ಲ.